ಗೌಡರು ಕೇಳಿದ ವನ್ಸ್ ಮೋರ್

ಗೆಳೆಯರೇ, ಜೀತ ಬಂದ್ ಎಂದು ಸರ್ಕಾರ ಕಾನೂನು ತಂದಿದೆಯಲ್ಲ, ಅದನ್ನು ಜನರಿಗೆ ಮುಟ್ಟಿಸೋಣವೆಂದು ಇವತ್ತು ಮಧ್ಯಾಹ್ನ ಕೊಡ್ಲಿ ಊರಿನ ಶಾಲೆಯ ಬಯಲಿನಲ್ಲಿ ನಾನೇ ಬರೆದ ನಾಟಕ ಆಡಿಸಿದೆ. ಕ್ರೂರ ಸಾಹುಕಾರನ ಪಾತ್ರ ದರ್ಜಿ ಖಾಸಿಂಸಾಬರದು. ಅವರು ಜೀತದಾಳಿಗೆ ಬಾರುಕೋಲಿನಿಂದ ಬಾರಿಸಿದ್ದೇ ತಡ, ಮುಂದೆ ಕೂತಿದ್ದ ಊರ ಗೌಡರು "ವನ್ಸ್ ಮೋರ್!" ಎಂದು ಕೂಗಿದರು. ಕೂಗಿದ ಮೇಲೆ ಮತ್ತೆ ಆಡಲೇಬೇಕು, ಅದು ರಿವಾಜು. ಪಾಪ, ಆಳು ಎರಡನೇ ಸಲ ಹೊಡೆಸಿಕೊಂಡ.

ಅಷ್ಟಕ್ಕೇ ಮುಗಿಯಲಿಲ್ಲ. ಗೌಡರು ರಂಗದ ಮೇಲೆ ಬಂದು ಖಾಸಿಂಸಾಬರಿಗೆ ರುಮಾಲು ಸುತ್ತಿ ಆಹೇರಿಯ ಮರ್ಯಾದೆ ಮಾಡಿದರು.

"ಭಲೇ ಸಾಬ! ಆಳಿಗೆ ಹಿಂಗೇ ಹದ್ದುಬಸ್ತಿನಾಗ ಇಡಬೇಕು!"

ಜನ ಚಪ್ಪಾಳೆ ತಟ್ಟಿದರು! ನಾನು ತೊದಲಿದೆ: "ಗೌಡ್ರ, ಸಾಹುಕಾರ ಮಾಡಿದ್ದು ತಪ್ಪು ಅಂತ ತೋರ್ಸಾಕತ್ತೀವ್ರಿ."

"ತಪ್ಪು ಖರೇನ್ರಿ ಮಾಸ್ತರ. ಹೊಡ್ತ ಭಾಳ ಹಗೂರ ಆತು. ನಾಳಿ ಸಾಬಗ ನಮ್ಮ ಮನಿಗೆ ಕಳಸ್ರಿ, ನಾ ಕಲಿಸ್ತೀನಿ."

ಅವರ ಹಿಂದೆ ಬಿಸಿಲಿಗೆ ಛತ್ರಿ ಹಿಡಿದು ನಿಂತಿದ್ದವನು ಅವರದೇ ಜೀತದಾಳು ಈರಣ್ಣ. ನಾಟಕ ಯಾರಿಗೂ ಮುಟ್ಟಲಿಲ್ಲ ಎಂದು ಹೇಗೆ ಹೇಳಲಿ? ಗೌಡರ ತಲೆಯ ಮೇಲೆ ಆ ಛತ್ರಿ ನಡುಗುತ್ತಿತ್ತು.