ವಿಮಾನಕ್ಕೆ ಸ್ನಾನ ಮಾಡಿಸಿದ ನಮ್ಮತ್ತಿಗೆ

ವಿಮಾನಕ್ಕೆ ಸ್ನಾನ ಮಾಡಿಸಿದವರನ್ನು ನೀವು ನೋಡಿದ್ದೀರಾ? ನಮ್ಮ ಕುಟುಂಬದಲ್ಲೇ ಒಬ್ಬರಿದ್ದಾರೆ. ಮುಳ್ಳೂರಿನ ನನ್ನ ಅತ್ತಿಗೆ ಪುಟ್ಟತಾಯಮ್ಮ.

ನಿನ್ನೆ ಬೆಳಿಗ್ಗೆ ಅವರ ಕೊಯ್ಲಾದ ಗದ್ದೆಗೆ ಎರಡು ಸೀಟಿನ ಟ್ರೈನಿಂಗ್ ವಿಮಾನವೊಂದು ಇಳಿಯಿತು. ಇಳಿಯಿತು ಅನ್ನುವುದು ಮರ್ಯಾದೆಯ ಮಾತು. ಬದು ಹಾರಿ, ಕೆಸರಿಗೆ ಮೂತಿ ಊರಿ ನಿಂತಿತು. ಒಳಗೆ ಒಬ್ಬಳೇ ಹುಡುಗಿ, ಪೈಲಟ್ ಆಗಲು ಕಲಿಯುತ್ತಿರುವವಳು. "ಗ್ಲಾಸಿಗೆಲ್ಲ ಎಣ್ಣೆ ಹಾರಿತು, ಇಂಜಿನ್ ನಿಂತೇಹೋಯ್ತು" ಎಂದು ಅಳುತ್ತಿದ್ದಳಂತೆ. ಹಣೆಗೆ ಗಾಯವಾಗಿತ್ತು. ಆಂಬುಲೆನ್ಸ್‌ನಲ್ಲಿ ಕೊಳ್ಳೇಗಾಲಕ್ಕೆ ಕಳಿಸಿದರು.

ಆಮೇಲೆ? ಗಾಡಿ ಗದ್ದೆಗೆ ಬಿದ್ದರೆ ನಮ್ಮ ಕಡೆ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಮೇಲಕ್ಕೆಳೆದರು. ಅತ್ತಿಗೆ ನಾಲ್ಕು ಬಿಂದಿಗೆ ನೀರು ಸುರಿದು, ಹಳೇ ಸೀರೆ ತುಂಡಿನಲ್ಲಿ ಮೂತಿಯಿಂದ ಬಾಲದವರೆಗೆ ಒರೆಸಿ, ಅರಿಶಿನ ಕುಂಕುಮ ಇಟ್ಟರು. ಚಕ್ರದಡಿ ನಿಂಬೆಹಣ್ಣು ಬೇರೆ! (ಬಿದ್ದ ಗಾಡಿಯನ್ನು ತೊಳೆಯದೆ ಬಿಟ್ಟರೆ ಮತ್ತೆ ಬೀಳುತ್ತದೆ ಅನ್ನುವುದು ನಮ್ಮವರ ನಂಬಿಕೆ.) ಪೊಲೀಸರು ಬಂದು "ಯಾರೂ ಮುಟ್ಬೇಡಿ" ಅನ್ನುವಷ್ಟರಲ್ಲಿ ವಿಮಾನ ಫಳಫಳ ಅನ್ನುತ್ತಿತ್ತು.

ಸುದ್ದಿ ತಿಳಿದು ಸ್ಕೂಟರ್ ಹತ್ತಿ ಅತ್ತಿಗೆಯ ಮನೆಗೆ ಓಡಿದೆ. ಚೆನ್ನಾಗಿ ಬೈದೆ. "ಅತ್ತಿಗೆ, ಅದು ಸಾಕ್ಷಿ! ಎಣ್ಣೆ ಸೋರಿದ್ದು ನಿಜ ಅಂತ ಆ ಹುಡುಗಿ ಈಗ ಹೇಗೆ ತೋರಿಸ್ತಾಳೆ? ತಪ್ಪೆಲ್ಲ ಅವಳ ತಲೆಗೇ ಕಟ್ತಾರೆ."

ಅತ್ತಿಗೆಯ ಮುಖ ಬಿಳಿಚಿಕೊಂಡಿತು. "ಅಯ್ಯೋ ಸಿವ್ನೆ! ಒಳ್ಳೇದಾಗ್ಲಿ ಅಂತ ತೊಳುದ್ನಲ್ಲಪ್ಪ. ಆ ಎಣ್ಮಗೀನ ಓದು ನನ್ ಕೈಯಾರ ಆಳಾಗೋಯ್ತಾ?"

ಯಾಕಾದರೂ ಬೈದೆನೋ.

ಅಷ್ಟರಲ್ಲಿ ಬಿಳಿ ಕಾರೊಂದು ಬಂತು. ತರಬೇತಿ ಶಾಲೆಯ ಮ್ಯಾನೇಜರ್. ವಿಮಾನ ಆ ಶಾಲೆಯದೇ, ರಿಪೇರಿ ಮಾಡುವವರೂ ಅವರೇ; ಎಣ್ಣೆ ಸೋರಿದ್ದು ನಿಜವಾದರೆ ತಪ್ಪು ಅವರದೇ. ಅಪಘಾತದ ತನಿಖೆಯವರು ಬರುವುದು ಮರುದಿನ ಎಂದು ಪೊಲೀಸರು ಹೇಳಿದ್ದರು, ಇವನಿಗೆ ಅವತ್ತೇ ಏನು ಅವಸರ? ತೊಳೆದ ವಿಷಯ ಕೇಳಿ ಅವನು ಕೂಗಾಡಬೇಕಿತ್ತು ತಾನೇ? ನಕ್ಕ!

"ಒಳ್ಳೆ ಕೆಲಸ ಮಾಡಿದ್ದೀರಮ್ಮ. ಕಲಿಯೋ ಹುಡುಗಿ, ಗಾಬರೀಲಿ ಏನೋ ತಪ್ಪು ಮಾಡಿರ್ತಾಳೆ."

ಹುಡುಗಿ ಯಾವ ಆಸ್ಪತ್ರೆಯಲ್ಲಿದ್ದಾಳೆ ಎಂದು ಒಂದು ಮಾತೂ ಕೇಳಲಿಲ್ಲ. ಕಾರಿನ ಬಾಗಿಲು ತೆಗೆದವನು ತಿರುಗಿ ನಿಂತ. "ಅಂದ ಹಾಗೆ, ಒರೆಸಿದ ಬಟ್ಟೆ ಎಲ್ಲಿ? ಕೊಡಿ, ನಾವೇ ಬಿಸಾಕ್ತೀವಿ."

ಬಟ್ಟೆ ಹಿತ್ತಿಲ ಕಲ್ಲಿನ ಮೇಲೆ, ಎಣ್ಣೆ ಹೀರಿ ಕರ್ರಗೆ ಬಿದ್ದಿತ್ತು. ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಮಾತಾಡಿದರು.

"ಮಾಸಿದ್ ಸೀರೆ ತುಂಡು ನಿಮಗ್ಯಾಕ್ ಸಾ? ಆಗ್ಲೇ ಒಲೆಗಾಕ್ಬುಟ್ಟೆ."

ಸತ್ಯವಾಗಿ ಹೇಳುತ್ತೇನೆ, ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಇದೇ ಮೊದಲು. ಮ್ಯಾನೇಜರ್ ಖುಷಿಯಾಗಿ ಹೊರಟ. ಕಾರು ಮರೆಯಾದ ಮೇಲೆ ಅತ್ತಿಗೆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿಗೆ ಸುತ್ತಿ ಅಕ್ಕಿ ಡ್ರಮ್ಮಿನೊಳಗೆ ಹೂತರು.

"ನಾಳೆ ಬರೋರ ಕೈಗೆ ಕೊಡ್ತೀನಿ ಕಣಪ್ಪ. ಅವ್ರು ಯಾರ್ ಕಡೆಯವ್ರು ಅಂತ ಒಸಿ ನೋಡ್ಕಂಡೇ."

ತನಿಖೆಯವರು ಇವತ್ತು ಬರುತ್ತಾರೆ. ಅವರು ಮೊದಲು ಕೇಳುವುದು ಏನನ್ನು: ಹುಡುಗಿ ಹೇಗಿದ್ದಾಳೆ ಎಂದೋ, ಬಟ್ಟೆ ನಿಜವಾಗಿ ಸುಟ್ಟುಹೋಯಿತೇ ಎಂದೋ?