ತೋಪಿನಲ್ಲಿ ನಿಲ್ಲಿಸಿದ ಗಾಡಿಮನೆ

ನನ್ನ ಹೆಂಡತಿಗೆ ತಲೆಸುತ್ತು ಶುರುವಾದ ವರ್ಷವೇ ನಮ್ಮ ಪಕ್ಕದ ಹಳೆಯ ಬಂಗಲೆಯನ್ನು ಕೆಡವಿ ಫ್ಲ್ಯಾಟ್ ಕಟ್ಟಲು ತೊಡಗಿದರು. ಆಗ ನಾವು ಕಾಕ್ಸ್‌ಟೌನಿನಲ್ಲಿ, ಒಬ್ಬ ಆಂಗ್ಲೋ ಇಂಡಿಯನ್ ವಿಧವೆಯ ಮನೆಯ ಹಿಂದಿದ್ದ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದೆವು. ಮಕ್ಕಳಿರಲಿಲ್ಲ. ನಾನು ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಅವಳು ಹಲಸೂರಿನ ಒಂದು ಶಾಲೆಯಲ್ಲಿ ಕನ್ನಡ ಟೀಚರ್. ಗಾಡಿ ಓಡಿಸುವುದು ನನಗೆ ಬಾರದು. ಅವಳೇ ಬೆಳಗ್ಗೆ ನನ್ನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಬಸ್‌ಸ್ಟಾಪಿನಲ್ಲಿ ಇಳಿಸಿ, ಆಮೇಲೆ ಶಾಲೆಗೆ ಹೋಗುತ್ತಿದ್ದಳು. ಹಂಪ್ ಬಂದರೂ ವೇಗ ಇಳಿಸದ ಹೆಂಗಸು.

ಒಂದು ಭಾನುವಾರ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದವಳು ಕುರ್ಚಿ ಸಮೇತ ಎಡಕ್ಕೆ ಬಿದ್ದಳು. ಎತ್ತಿ ಕೂರಿಸಿದರೆ ಮತ್ತೆ ಅದೇ ಕಡೆಗೆ ವಾಲಿದಳು. ನನ್ನ ತೋಳನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದು, "ನೆಲ ಜಾರ್ತಿದೆ ರೀ, ನನ್ನ ಹಿಡ್ಕೊಳ್ಳಿ," ಎಂದಳು.

ಒಳಗಿವಿಯಲ್ಲಿ ಮನುಷ್ಯನನ್ನು ನೆಟ್ಟಗೆ ನಿಲ್ಲಿಸುವ ಭಾಗವೊಂದು ಕೆಟ್ಟಿದೆ ಎಂದು ಒಬ್ಬ ಡಾಕ್ಟರು ಹೇಳಿದರು. ಇನ್ನೊಬ್ಬರು, ತಾನಾಗಿಯೇ ಸರಿಹೋಗುತ್ತದೆ, ಕಾಯಿರಿ ಎಂದರು. ಮತ್ತೊಬ್ಬರು ಮನೆಯಲ್ಲಿ ಏನಾದರೂ ಚಿಂತೆಯಿದೆಯೇ ಎಂದು ನನ್ನನ್ನು ಹೊರಗೆ ಕಳುಹಿಸಿ ಅವಳನ್ನು ಕೇಳಿದರು. ಕೊಟ್ಟ ಮಾತ್ರೆಗಳು ಅವಳನ್ನು ಮಂಪರಿಗೆ ನೂಕುತ್ತಿದ್ದವು, ಅಷ್ಟೇ. ಎಚ್ಚರವಾದಾಗ ನೆಲ ಮತ್ತೆ ಎಡಕ್ಕೆ ಇಳಿಯುತ್ತಿತ್ತು.

ಇದರ ಜೊತೆಗೆ ಪಕ್ಕದ ಸೈಟಿನಲ್ಲಿ ಕಂಬ ಇಳಿಸುವ ಯಂತ್ರ ಬಂತು. ಬೆಳಗ್ಗೆಯಿಂದ ಸಂಜೆಯವರೆಗೂ ಅದು ನೆಲವನ್ನು ಗುದ್ದುತ್ತಿತ್ತು. ಸ್ಟ್ಯಾಂಡಿನ ಮೇಲಿನ ಲೋಟಗಳು ಅದುರುತ್ತಿದ್ದವು. ನಾನು ಕೆಲಸದಿಂದ ಮನೆಗೆ ಬಂದರೆ ಅವಳು ಅಡುಗೆಮನೆಯ ಮೂಲೆಯಲ್ಲಿ ಎರಡು ಗೋಡೆಗೂ ಒಂದೊಂದು ಅಂಗೈ ಒತ್ತಿಕೊಂಡು ಕೂತಿರುತ್ತಿದ್ದಳು. ಹಾಗೆ ಎಷ್ಟು ಹೊತ್ತಿನಿಂದ ಕೂತಿದ್ದಾಳೆ ಎಂದು ನಾನು ಕೇಳುತ್ತಿರಲಿಲ್ಲ.

ಮನೆಯೊಡತಿಯ ಕಾಂಪೌಂಡಿನಲ್ಲಿ, ಹಲಸಿನ ಮರದ ಕೆಳಗೆ, ಎರಡು ಚಕ್ರದ ಒಂದು ಗಾಡಿಮನೆ ಇತ್ತು. ಜೀಪಿನ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗುವಂಥದ್ದು. ಒಳಗೆ ಒಂದು ಮಂಚ, ಒಂದು ಬೆಂಚು, ನೆಲಕ್ಕೆ ಬೋಲ್ಟು ಹಾಕಿದ ಮೇಜು, ಸ್ಟವ್ ಇಡುವಷ್ಟು ಜಾಗ. ಆಕೆಯ ಗಂಡ ಬದುಕಿದ್ದಾಗ ಅದನ್ನು ಕಟ್ಟಿಸಿಕೊಂಡು ಹೆಂಡತಿ ಮಕ್ಕಳ ಜೊತೆ ನದಿತೀರಗಳಿಗೆ ಹೋಗುತ್ತಿದ್ದರಂತೆ. ಮಕ್ಕಳೆಲ್ಲ ಹೊರದೇಶದಲ್ಲಿದ್ದರು. ಆಕೆ ಒಂದು ಸಂಜೆ ನನ್ನನ್ನು ಕರೆದು, "ಇದು ಇಲ್ಲೇ ಇದ್ರೆ ಗುಜರಿಯವನ ಪಾಲು, ಮ್ಯಾನ್. ನೀನು ತಗೋ. ಅವಳನ್ನ ಎಲ್ಲಾದ್ರೂ ಕ್ವಯಟ್ ಪ್ಲೇಸ್‌ಗೆ ಕರ್ಕೊಂಡು ಹೋಗು. ಇಲ್ಲಿದ್ರೆ ಸತ್ತೋಗ್ತಾಳೆ," ಎಂದರು.

ಕೆ.ಆರ್. ಪುರ ದಾಟಿ ಒಂದಷ್ಟು ದೂರದಲ್ಲಿ ನನ್ನ ಹೆಂಡತಿಯ ಚಿಕ್ಕಪ್ಪನ ಮಗನ ಮಾವಿನ ತೋಪಿತ್ತು. ಕೆರೆಯ ಪಕ್ಕ. ಶಾಲೆಯ ಸ್ಕೌಟ್ ಮಕ್ಕಳಿಗೆ, ವಾರದ ಕೊನೆಗೆ ಟೆಂಟ್ ಹಾಕಲು ಬರುವ ಹುಡುಗ ಹುಡುಗಿಯರಿಗೆ ಅವನು ಅದನ್ನು ಬಿಟ್ಟುಕೊಡುತ್ತಿದ್ದ. ನೀರಿನ ಪಂಪು, ಎರಡು ಕಕ್ಕಸುಮನೆ ಇದ್ದವು. ಕೇಳಿದ್ದಕ್ಕೆ, "ಅಕ್ಕಂಗೆ ಅಂದ್ರೆ ಕೇಳ್ಬೇಕಾ ಭಾವ, ಎಷ್ಟು ದಿನ ಬೇಕಾದ್ರೂ ಇರಿ," ಎಂದ. ಹೆಂಡತಿಗೆ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡು, "ಅಲ್ಲಿ ನೆಲ ಗಟ್ಟಿ ಇದ್ಯಾ?" ಎಂದಳು.

ಭಾನುವಾರಗಳಲ್ಲಿ ಗಾಡಿಯ ತುಕ್ಕು ತೆಗೆದೆ, ಬೇರಿಂಗಿಗೆ ಗ್ರೀಸ್ ತುಂಬಿದೆ, ಟೈರು ಬದಲಾಯಿಸಿದೆ. ಕಾರ್ಖಾನೆಯಲ್ಲಿ ರಜೆ ಹಾಕಿದೆ. ಜೀಪಿದ್ದ ಗೆಳೆಯನೊಬ್ಬ ಎಳೆದುಕೊಡಲು ಬಂದ. ಅವಳನ್ನು ಮಾರನೆಯ ದಿನ ತೋಪಿನ ಆ ತಮ್ಮನೇ ತನ್ನ ಕಾರಿನಲ್ಲಿ ಕರೆತರುವುದೆಂದು ಮಾತಾಗಿತ್ತು. ಅಷ್ಟರಲ್ಲಿ ನಾನು ಎಲ್ಲವನ್ನೂ ಸರಿಮಾಡಿಟ್ಟಿರಬೇಕಿತ್ತು. ಕೆ.ಆರ್. ಪುರದಲ್ಲಿ ತೂಗುಸೇತುವೆ ಕಟ್ಟುತ್ತಿದ್ದ ಕಾಲ. ಆ ಧೂಳು, ಲಾರಿಗಳ ನಡುವೆ ಗೆಳೆಯ ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಾ, "ಬರ್ತಾ ಇದ್ಯಾ ಗುರು ನಿನ್ನ ಅರಮನೆ?" ಎನ್ನುತ್ತಿದ್ದ.

ತೋಪಿನ ನೆಲ ನೋಡಲು ಸಮನಾಗಿಯೇ ಇತ್ತು. ಗಾಡಿ ನಿಲ್ಲಿಸಿ ಒಳಗೆ ಮಟ್ಟ ನೋಡುವ ರಸಮಟ್ಟ ಇಟ್ಟಾಗ ಮಾತ್ರ ಅದು ಕೆರೆಯ ಕಡೆಗೆ ಇಳಿಜಾರಾಗಿದೆ ಎಂದು ತಿಳಿಯಿತು. ಗಾಜಿನ ಕೊಳವೆಯೊಳಗಿನ ಗುಳ್ಳೆ ಒಂದು ತುದಿಗೆ ಓಡಿ ಅಲ್ಲೇ ಅಂಟಿಕೊಂಡಿತು. ಮೊದಲು ಎಡ ಬಲ ಸರಿಮಾಡಬೇಕು. ತಗ್ಗಿನ ಕಡೆಯ ಚಕ್ರದ ಮುಂದೆ ಹಲಗೆ ಇಟ್ಟು, ಜೀಪಿನಿಂದ ನಿಧಾನವಾಗಿ ಎಳೆಸಿ ಚಕ್ರವನ್ನು ಅದರ ಮೇಲೆ ಹತ್ತಿಸಿದೆವು. ಸಾಲಲಿಲ್ಲ. ಇಳಿಸಿ, ಇನ್ನೊಂದು ಹಲಗೆ ಸೇರಿಸಿ, ಮತ್ತೆ ಹತ್ತಿಸಿದೆವು. ಚಕ್ರ ಉರುಳದಂತೆ ಹಿಂದೆ ಮುಂದೆ ಕಲ್ಲು ಕೊಟ್ಟು ಜೀಪಿನ ಕೊಕ್ಕೆ ಬಿಡಿಸಿದೆವು. ಆಮೇಲೆ ಹಿಂದು ಮುಂದಿನ ಸರದಿ. ಜೀಪಿಗೆ ಸಿಕ್ಕಿಸುವ ಮುಂದಿನ ಮೂತಿಯ ಕೆಳಗಿನ ಪುಟ್ಟ ಚಕ್ರದ ಹಿಡಿ ತಿರುಗಿಸಿದರೆ ಮೂತಿ ಏಳುತ್ತದೆ, ಇಳಿಯುತ್ತದೆ. ಕೊನೆಗೆ ನಾಲ್ಕು ಮೂಲೆಯ ಕಬ್ಬಿಣದ ಕಾಲುಗಳು. ಅವು ಗಾಡಿಯನ್ನು ಎತ್ತುವುದಕ್ಕಲ್ಲ, ಒಳಗೆ ಓಡಾಡಿದರೆ ಅಲುಗದ ಹಾಗೆ ಹಿಡಿದು ನಿಲ್ಲಿಸುವುದಕ್ಕೆ. ಮಣ್ಣಿನಲ್ಲಿ ಇಳಿಯಬಾರದೆಂದು ಒಂದೊಂದರ ಕೆಳಗೂ ಚಪ್ಪಡಿಯ ಚೂರು ಇಟ್ಟೆ.

ಗೆಳೆಯ ಹೊರಟುಹೋದ. ನಾನು ಗಾಡಿಯೊಳಗೆ ನಿಂತು ಕುಣಿದು ನೋಡಿದೆ. ಅಲುಗಲಿಲ್ಲ. ಗುಳ್ಳೆ ಎರಡು ಗೆರೆಗಳ ನಡುವೆ ಬಂದು ನಿಂತಿತ್ತು. ನೆಲದ ಮೇಲೆ, ಮಂಚದ ಮೇಲೆ, ಮೇಜಿನ ಮೇಲೆ, ಎಲ್ಲಿ ಇಟ್ಟರೂ ನಡುವೆಯೇ. ಅಂದು ಬಹಳ ತಿಂಗಳ ಮೇಲೆ ನನಗೆ ಹಸಿವಾಯಿತು.

ಮರುದಿನ ತಮ್ಮ ಅವಳನ್ನು ಕರೆತಂದ. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಿದ್ದಳು. ಮೆಟ್ಟಿಲು ಹತ್ತಿಸಿ ಒಳಗೆ ನಿಲ್ಲಿಸಿದೆ. ಬಾಗಿಲ ಚೌಕಟ್ಟು ಹಿಡಿದು ಒಳಗೆಲ್ಲ ನೋಡಿದಳು. ಹೊರಗೆ ಗಿಳಿಗಳ ಸದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ.

"ಚೆನ್ನಾಗಿದೆ," ಎಂದಳು. ಆಮೇಲೆ, "ಆ ಕಡೆಗೆ ಸ್ವಲ್ಪ ಇಳಿಜಾರು ಅಲ್ವಾ ರೀ?"

"ಇಲ್ವಲ್ಲ. ಇಲ್ಲಿ ನೋಡು." ರಸಮಟ್ಟ ಅವಳ ಕಾಲ ಬಳಿ ಇಟ್ಟೆ.

ಬಗ್ಗಿ ನೋಡಲು ಅವಳಿಗೆ ಆಗಲಿಲ್ಲ. "ಅದು ಸರಿಯಾಗೇ ಇರ್ಬೋದು. ನಂಗೆ ಜಾರ್ತಿದೆ."

ಅವಳಿಗೆ ಸರಿ ಎನಿಸಿದರೆ ಸಾಕಲ್ಲವೇ, ಗುಳ್ಳೆ ಎಲ್ಲಿದ್ದರೇನು ಎಂದುಕೊಂಡೆ. ನಾಲ್ಕು ಕಾಲನ್ನೂ ಮೇಲೆತ್ತಿ, ಅಚ್ಚಿನ ಕೆಳಗೆ ಜಾಕಿ ಕೊಟ್ಟು, ಎಡಚಕ್ರದ ಕೆಳಗೆ ಇನ್ನೊಂದು ತೆಳು ಹಲಗೆ ತೂರಿಸಿ, ಮತ್ತೆ ಕಾಲಿಳಿಸಿದೆ. ಬೆವರು ಸುರಿಯುತ್ತಿತ್ತು. ಕಿಟಕಿಯಿಂದ, "ಈಗ ಹೇಗಿದೆ?" ಎಂದೆ. "ಪರ್ವಾಗಿಲ್ಲ," ಎಂದಳು. ಆ ಮಧ್ಯಾಹ್ನ ಅವಳು ಮಲಗಿದಳು. ನಾನು ಸದ್ದಾಗದಂತೆ ಮೆಟ್ಟಿಲ ಮೇಲೆ ಕೂತಿದ್ದೆ.

ಬೆಳಗಾದರೆ ಮತ್ತೆ ಎಡಕ್ಕೆ ಇಳಿದಿತ್ತು, ಅವಳಿಗೆ. ಇನ್ನೊಂದು ಹಲಗೆ ಹಾಕಿದೆ. ಅದರ ಮರುದಿನ ತಲೆಯ ಕಡೆ ತಗ್ಗು ಎಂದಳು. ಮೂತಿ ಎತ್ತಿದೆ. ಈಗ ಗಾಡಿಯ ಬಾಗಿಲು ತೆಗೆದರೆ ತಾನಾಗಿಯೇ ಬಂದು ಮುಚ್ಚಿಕೊಳ್ಳುತ್ತಿತ್ತು. ಸ್ಟವ್ ಮೇಲಿನ ಸಾರು ಪಾತ್ರೆಯ ಒಂದು ಕಡೆಗೆ ಬಂದು ನಿಂತಿರುತ್ತಿತ್ತು. ನಾನು ಒಳಗೆ ನಡೆಯುವಾಗ ಮೇಜನ್ನು ಹಿಡಿದುಕೊಳ್ಳಬೇಕಾಗುತ್ತಿತ್ತು. ಹಾಲು ಕೊಡಲು ಬಂದ ತಮ್ಮ ದೂರದಿಂದಲೇ ನೋಡಿ ನಿಂತುಬಿಟ್ಟ.

"ಏನ್ ಭಾವ ಇದು, ಹಿಂಗ್ ವಾಲ್ಕೊಂಡಿದೆ?"

"ನಿಮ್ಮಕ್ಕಂಗೆ ಹಿಂಗಿದ್ರೆ ಸರಿ ಅನ್ಸುತ್ತೆ."

ಅವನು ಹಾಲಿನ ಕ್ಯಾನ್ ಕೆಳಗಿಟ್ಟು ಹೋದ.

ಶನಿವಾರ ಆಫೀಸಿನ ಹುಡುಗ ಹುಡುಗಿಯರ ಗುಂಪೊಂದು ಟೆಂಟ್ ಹಾಕಲು ಬಂತು. ಗಾಡಿ ನೋಡಿ ಅವರಿಗೆ ಬಹಳ ಖುಷಿ. "ಅಂಕಲ್, ಸೂಪರಾಗಿದೆ. ಒಳಗೆ ನೋಡ್ಬಹುದಾ?" ಎಂದರು. ನಾನು ಬೇಡ ಅನ್ನುವುದರೊಳಗೆ ನನ್ನ ಹೆಂಡತಿಯೇ ಒಳಗಿಂದ, "ಬನ್ರಪ್ಪಾ," ಎಂದು ಕರೆದಳು. ಟೀಚರ್ ದನಿ. ನಾಲ್ಕೈದು ಜನ ಒಮ್ಮೆಗೇ ಹತ್ತಿದರು. ವಾಲಿಕೊಂಡಿದ್ದ ಗಾಡಿಯಲ್ಲಿ ಒಂದು ಕಾಲು ಸರಿಯಾಗಿ ನೆಲ ಕಚ್ಚಿರಲಿಲ್ಲವೆಂದು ಕಾಣುತ್ತದೆ, ಇಡೀ ಗಾಡಿ ತೂಗಿತು. ಹುಡುಗರು ನಕ್ಕರು. ಅವಳೂ ನಕ್ಕಳು. ಹೊದಿಕೆಯ ಕೆಳಗೆ ಅವಳ ಕೈಗಳು ಮಂಚದ ಅಂಚನ್ನು ಹಿಡಿದಿದ್ದು ನನಗೆ ಮಾತ್ರ ಕಾಣುತ್ತಿತ್ತು. ಅವರು ಇಳಿದು ಹೋದ ಮೇಲೆ ಬಕೆಟ್ ಕೊಡಿ ಎಂದಳು.

ಅಂದೇ ನಾನು ಅವಳಿಗಾಗಿ ಸೇರಿಸಿದ್ದ ಹಲಗೆಗಳನ್ನೆಲ್ಲ ತೆಗೆದೆ. ಗಾಡಿಯನ್ನು ಮೊದಲಿನ ಹಾಗೆ, ರಸಮಟ್ಟದ ಪ್ರಕಾರ, ಸರಿಯಾಗಿ ನಿಲ್ಲಿಸಿದೆ. ಭಾನುವಾರ ಮಳೆ ಬಂತು. ಮೇ ತಿಂಗಳ ಮಳೆ, ಸುರಿದು ನಿಂತಿತು. ಹುಡುಗರು ಟೆಂಟ್ ಬಿಚ್ಚಿಕೊಂಡು ಓಡಿದರು. ಸೋಮವಾರ ಎದ್ದಾಗ ಅವಳು, "ಕಾಲ ಹತ್ರ, ಎಡಕ್ಕೆ ಇಳಿದಿದೆ ರೀ," ಎಂದಳು.

ಹೊರಗೆ ಹೋಗಿ ನೋಡಿದರೆ ನಿಜ. ಹಿಂದಿನ ಎಡಗಾಲಿನ ಕೆಳಗಿನ ಚಪ್ಪಡಿ ಒದ್ದೆ ಮಣ್ಣಿನಲ್ಲಿ ಇಳಿದಿತ್ತು. ಆ ಕಡೆಯ ಚಕ್ರವೂ ಹಲಗೆಯ ಸಮೇತ ಕೂತಿತ್ತು. ರಸಮಟ್ಟ ತಂದಿಟ್ಟೆ. ಗುಳ್ಳೆ ಗೆರೆ ದಾಟಿ ಹೋಗಿತ್ತು. ನನಗಾದ ಸಂತೋಷವನ್ನು ಹೇಗೆ ಹೇಳಲಿ? ಅವಳು ಹೇಳಿದ್ದು, ಉಪಕರಣ ಹೇಳಿದ್ದು, ನನ್ನ ಕಣ್ಣು ಹೇಳಿದ್ದು ಮೊದಲ ಸಲ ಒಂದೇ ಆಗಿತ್ತು. ಕಣ್ಣಿಗೆ ಕಾಣುವ ತಪ್ಪು. ನನ್ನ ಕೈಯಿಂದ ಸರಿಮಾಡಬಲ್ಲ ತಪ್ಪು.

"ನೀನು ಹೇಳಿದ್ದು ಸರಿ ಕಣೇ, ಇಳಿದಿದೆ," ಎಂದು ಕಿಟಕಿಯಿಂದ ಕೂಗಿದೆ. ಒದ್ದೆ ಮಣ್ಣು ತೋಡಿ ತೆಗೆದು, ಜಲ್ಲಿ ತುಂಬಿ ಗಟ್ಟಿಯಾಗುವಂತೆ ಗುದ್ದಿ ದಮ್ಮಸ್ಸು ಮಾಡಿ, ಅಗಲವಾದ ಚಪ್ಪಡಿ ಹಾಸಿ, ಚಕ್ರ ಎತ್ತಿ ಕೂರಿಸಿದೆ. ಊಟದ ಹೊತ್ತು ಕಳೆದಿತ್ತು. ಮೈಯೆಲ್ಲ ಕೆಂಪು ಮಣ್ಣು. ಒಳಗೆ ಹೋಗಿ ಅವಳ ಮುಂದೆ ಮಂಡಿಯೂರಿ ಕೂತು ಗುಳ್ಳೆ ತೋರಿಸಿದೆ. ಅವಳು ಗುಳ್ಳೆಯನ್ನು ನೋಡಲಿಲ್ಲ. ನನ್ನ ಮುಖವನ್ನೇ ನೋಡಿದಳು.

"ಈಗ ಸರಿಯಾಯ್ತು ರೀ," ಎಂದಳು.

"ನಿಜವಾಗ್ಲೂ?"

"ನಿಜವಾಗ್ಲೂ. ಹೋಗಿ ಸ್ನಾನ ಮಾಡಿ. ಊಟ ಮಾಡಿ."

ಪಂಪಿನ ಕೆಳಗೆ ಸ್ನಾನ ಮಾಡಿದೆ. ಅವಳು ಬಹಳ ದಿನದಿಂದ ಏನನ್ನೂ ಆಸೆಪಟ್ಟು ತಿಂದಿರಲಿಲ್ಲ. ತಮ್ಮನ ಸೈಕಲ್ ಕೇಳಿ ಪಡೆದು ಕೆ.ಆರ್. ಪುರದ ಸಂತೆಬೀದಿಗೆ ಹೋದೆ. ಸೀಬೆಹಣ್ಣು ತೆಗೆದುಕೊಂಡೆ, ಒಂದು ಮೊಳ ಕನಕಾಂಬರ ತೆಗೆದುಕೊಂಡೆ. ಜೂನ್ ತಿಂಗಳಿಗೂ ರಜೆ ಬರೆದುಕೊಡಬೇಕು, ಆಮೇಲೆ ಅವಳು ತೋಪಿನಲ್ಲಿ ನನ್ನ ಕೈ ಹಿಡಿದು ನಡೆಯಬಹುದು, ಶಾಲೆ ಶುರುವಾದ ಮೇಲೆ ಅರ್ಧದಿನ ಪಾಠ ಮಾಡಬಹುದು ಎಂದೆಲ್ಲ ದಾರಿಯಲ್ಲಿ ಲೆಕ್ಕ ಹಾಕಿಕೊಂಡು ಬಂದೆ.

ಗಾಡಿಯ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಕರೆದೆ. ಓಗೊಡಲಿಲ್ಲ. ಕಿಟಕಿಯಿಂದ ಬಗ್ಗಿ ನೋಡಿದೆ. ಅವಳು ನೆಲದ ಮೇಲೆ ಅಂಗಾತ ಮಲಗಿದ್ದಳು. ಹಳೆಯ ಸೀರೆಯೊಂದನ್ನು ಸೊಂಟಕ್ಕೆ ಸುತ್ತಿ ಅದರ ಇನ್ನೊಂದು ತುದಿಯನ್ನು ಮೇಜಿನ ಕಾಲಿಗೆ ಬಿಗಿಯಾಗಿ ಕಟ್ಟಿಕೊಂಡಿದ್ದಳು. ಎರಡು ಕೈಯಲ್ಲೂ ಬೆಂಚಿನ ಕಾಲು ಹಿಡಿದಿದ್ದಳು. ಕಣ್ಣುಗಳು ತೆರೆದೇ ಇದ್ದವು.

ಕಿಟಕಿಯಿಂದ ಕೈ ಹಾಕಿ ಚಿಲಕ ತೆಗೆದು ಒಳಗೆ ಹೋದೆ. ಮಂಡಿಯೂರಿ ಗಂಟಿಗೆ ಕೈ ಹಾಕಿದೆ.

"ಇದೇನು ಮಾಡ್ಕೊಂಡಿದ್ದೀಯ?"

"ಬೀಳ್ತೀನಿ ಅನ್ನಿಸ್ತು. ಅದಕ್ಕೇ ಕಟ್ಕೊಂಡೆ."

"ಸರಿಯಾಯ್ತು ಅಂದ್ಯಲ್ಲ."

"ಜಾರ್ತಿದೆ, ಜಾರ್ತಿದೆ ಅಂತ ಎಷ್ಟು ಸಲ ಹೇಳ್ಲಿ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಇಡೀ ದಿನ ಮಣ್ಣಲ್ಲಿ ಬಿದ್ದು ಒದ್ದಾಡ್ತೀರ. ಹೊರಗಡೆ ಏನೂ ಓರೆಯಾಗಿಲ್ಲ ಅಂತ ನಂಗೆ ಬಂದ ದಿನಾನೇ ಗೊತ್ತಾಯ್ತು. ಆದ್ರೂ ನೀವು ಹಲಗೆ ತೂರಿಸ್ತಾ ಇದ್ರಿ. ನಾನೂ ನೋಡೋಣ ಅಂದ್ಕೊಂಡೆ."

ಗಂಟು ಬಿಚ್ಚಿಕೊಂಡಿತು. ಅವಳು ಮಾತ್ರ ಬೆಂಚಿನ ಕಾಲು ಬಿಡಲಿಲ್ಲ. ನಾನು ಅವಳ ಪಕ್ಕದಲ್ಲೇ ನೆಲದ ಮೇಲೆ ಮಲಗಿದೆ. ನನ್ನ ಬೆನ್ನಿನ ಕೆಳಗೆ ಹಲಗೆ ಗಟ್ಟಿಯಾಗಿ, ಸಮನಾಗಿ ಇತ್ತು. ಒಂದಿಷ್ಟೂ ಅಲುಗುತ್ತಿರಲಿಲ್ಲ. ಅಷ್ಟು ಚೆನ್ನಾಗಿ ನಾನು ಜೀವಮಾನದಲ್ಲಿ ಬೇರೆ ಯಾವ ಕೆಲಸವನ್ನೂ ಮಾಡಿರಲಿಲ್ಲ. ಅದು ಅವಳಿಗೆ ಯಾವ ಉಪಯೋಗಕ್ಕೂ ಬರಲಿಲ್ಲ.

"ಮನೆಗೆ ಹೋಗೋಣ್ವಾ?" ಎಂದೆ.

"ಎಲ್ಲಾದ್ರೂ ಸರಿ," ಎಂದಳು.

ಮರುದಿನ ತಮ್ಮನ ಕಾರಿನಲ್ಲಿ ವಾಪಸು ಬಂದೆವು. ಗಾಡಿಯನ್ನು ಅಲ್ಲೇ ಬಿಟ್ಟೆ. ಕಾಲುಗಳನ್ನು ಮೇಲೆತ್ತಲೂ ಇಲ್ಲ. ಟೆಂಟಿನ ಜನ ಅದರಲ್ಲಿ ಇಳಿದುಕೊಳ್ಳುತ್ತಾರೆ, ಬಹಳ ಇಷ್ಟಪಡುತ್ತಾರೆ ಎಂದು ತಮ್ಮ ಆಮೇಲೆ ಹೇಳುತ್ತಿದ್ದ. ನಾನು ಮತ್ತೆ ಆ ಕಡೆ ಹೋಗಲಿಲ್ಲ.

ಅದೇ ವರ್ಷ ನನಗೆ ವಿಮಾನಪುರದಲ್ಲಿ ನೆಲಮಹಡಿಯ ಕ್ವಾರ್ಟರ್ಸ್ ಸಿಕ್ಕಿತು. ಅವಳು ಕೆಲಸ ಬಿಟ್ಟಳು. ಕಾಲ ಕಳೆದಂತೆ ಬೀಳುವುದು ಕಡಿಮೆಯಾಯಿತು, ಒಂದು ಕಿವಿ ಪೂರ್ತಿ ಹೋಯಿತು. ಗೋಡೆ ಹಿಡಿದು ಮನೆಯೊಳಗೆ ಓಡಾಡುತ್ತಿದ್ದಳು. ಒಬ್ಬಳೇ ರಸ್ತೆಗೆ ಇಳಿಯಲಿಲ್ಲ. ಆರೇಳು ವರ್ಷ ಹಾಗೆ ಬದುಕಿದ್ದು, ಬೇರೆ ಕಾಯಿಲೆ ಬಂದು ಹೋದಳು. ಅಷ್ಟು ವರ್ಷದಲ್ಲಿ ಒಂದು ದಿನವೂ ನೆಲ ಜಾರುತ್ತಿದೆ ಎಂದು ನನಗೆ ಹೇಳಲಿಲ್ಲ. ಶಿಫ್ಟ್ ಮುಗಿಸಿ ಬಂದು ಹೇಗಿದ್ದೀಯ ಎಂದರೆ, "ಸರಿ ಇದ್ದೀನಿ ರೀ," ಎನ್ನುತ್ತಿದ್ದಳು. ಮೊದಮೊದಲು ದಿನಾ ಕೇಳುತ್ತಿದ್ದೆ. ಆಮೇಲೆ ಕೇಳುವುದನ್ನು ನಾನೇ ಬಿಟ್ಟೆ.