ಕೌದಿಯ ತೆರೆದ ಮೂಲೆ

ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಏನು ಬಂದರೂ ಹೆಬ್ಬೆರಳು ಏಳುತ್ತದೆ. ಮಗು ಹುಟ್ಟಿದರೂ ಅದೇ, ಯಾರದೋ ಮನೆಯ ಎಣ್ಣೆಗಾಯಿ ಪಲ್ಯದ ಚಿತ್ರ ಬಂದರೂ ಅದೇ. ರಾಯಚೂರಿನಲ್ಲಿ ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಒಬ್ಬರು, ಯಾವುದು ಹಿಡಿಸಿತೆಂದು ಹೇಳಲು ಬಾರದಿದ್ದರೆ ಹೊಗಳಬೇಡಿ ಎನ್ನುತ್ತಿದ್ದರು. ಈ ಗುಂಪನ್ನು ಕಂಡಿದ್ದರೆ ಅವರು ಎಲ್ಲರನ್ನೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು, ಎತ್ತಿದ ಹೆಬ್ಬೆರಳಿನ ಸಮೇತ.

ಮಾನ್ವಿಯಲ್ಲಿರುವ ನನ್ನ ಚಿಗವ್ವ, ಅಂದರೆ ತಾಯಿಯ ತಂಗಿ, ಮೊನ್ನೆ ಚಳಿಗಾಲಕ್ಕೆ ಮುಂಚೆ ಹಳೆಯ ಸೀರೆಗಳನ್ನು ಕೂಡಿಸಿ ಒಂದು ಕೌದಿ ಹೊಲಿದಳು. ತಾನೇ ಫೋಟೊ ತೆಗೆದು ಗುಂಪಿಗೆ ಹಾಕಿದಳು. ಅಂಚಿನಲ್ಲಿ ಅವಳ ಕಾಲಿನ ಬೆರಳೂ ಬಂದಿತ್ತು. ತಕ್ಷಣ ಹೆಬ್ಬೆರಳುಗಳು, ಚಪ್ಪಾಳೆಗಳು, 'ಸೂಪರ್', 'ನೈಸ್'. ಒಂದು ಮೂಲೆ ಹೊಲಿಗೆಯಿಲ್ಲದೆ ಬಾಯಿ ತೆರೆದುಕೊಂಡಿದ್ದನ್ನು ಮಾತ್ರ ಒಬ್ಬರೂ ನೋಡಲಿಲ್ಲ.

ನಮ್ಮ ಮನೆತನದಲ್ಲಿ ಕೊನೆಯ ಮೂಲೆಯನ್ನು ಹಾಗೆ ಬಿಟ್ಟು, ಮಗಳನ್ನು ಕರೆಸಿ, ಅವಳ ಕೈಯಿಂದ ಒಳಗೊಂದು ಚೂರು ಹೋಳಿಗೆ ಇಡಿಸಿ ಮುಚ್ಚುತ್ತಾರೆ. ಕೌದಿ ಹಸಿದಿರಬಾರದಂತೆ. ಹಾಗಾಗಿ ಆ ಫೋಟೊ ಹೊಗಳಿಕೆಗೆ ಹಾಕಿದ್ದಲ್ಲ, ಕರೆಯಲಿಕ್ಕೆ ಹಾಕಿದ್ದು. ಕರೆದದ್ದು ದೇವದುರ್ಗದಲ್ಲಿರುವ ತನ್ನ ಒಬ್ಬಳೇ ಮಗಳನ್ನು. ದೇವದುರ್ಗವೇನು ದೇಶಾಂತರವಲ್ಲ, ಆದರೂ ಅವಳು ತವರಿಗೆ ಬಂದು ವರ್ಷ ದಾಟಿತ್ತು. ಕರೆಗೆ ಅವಳು ಒಂದು ಕೆಂಪು ಹೃದಯ ಕಳಿಸಿದಳು.

ನಾನು ತಡೆಯಲಾರದೆ ಮಾನ್ವಿಯ ಬಸ್ಸು ಹತ್ತಿದೆ. ಚಿಗವ್ವ ಆಗಲೇ ಹೋಳಿಗೆ ಬೇಯಿಸುತ್ತಿದ್ದಳು.

"ಬರ್ತಾಳ ಬಿಡು ಯವ್ವಾ. ಉಳದೋರೆಲ್ಲ ಬಟ್ಟು ಎತ್ಯಾರ. ಆಕಿ ಒಬ್ಬಾಕಿ ಎದಿನ ಕಳಿಸ್ಯಾಳ, ನೋಡು."

ಅದೇ ಎದೆಯನ್ನು ಮಗಳು ಹಿಂದಿನ ದಿನ ನೀರು ಬರುವುದಿಲ್ಲವೆಂಬ ಸುದ್ದಿಗೂ ಕಳಿಸಿದ್ದಳು. ಅದನ್ನು ಹೇಳದೆ ನುಂಗಿಕೊಂಡು ಅಂಗಳಕ್ಕೆ ಬಂದು ಅವಳಿಗೆ ಫೋನು ಮಾಡಿದೆ.

"ಯಾವ ಕೌದಿ, ಅಕ್ಕಾ?"

"ನೀ ಹಾರ್ಟ್ ಹಾಕಿದಿಯಲ್ಲ, ಅದು."

"ಹೌದೇನು? ಹಾಕಿರಬೇಕು. ಒಂದೊಂದು ತೆರದು ನೋಡಾಕ ಪುರಸತ್ತು ಎಲ್ಲದ? ಅವ್ವಗ ಬ್ಯಾಸರ ಆಗಬಾರ್ದಂತ ಬಂದದ್ದಕ್ಕೆಲ್ಲ ಹಾಕ್ತೀನಿ."

"ಮೂಲಿ ಬಿಟ್ಟು ನಿನ್ನ ದಾರಿ ನೋಡಾಕತ್ತಾಳ. ಹೋಳಿಗಿ ತಿನ್ನಾಕರ ಪುರಸತ್ತು ಅದನ?"

"ಐತಾರ ನೋಡ್ತೀನಿ, ಅಕ್ಕಾ."

ಒಳಗೆ ಬರುವಷ್ಟರಲ್ಲಿ ಚಿಗವ್ವನ ಫೋನು ಟಿಣ್ ಎಂದಿತು. ಕೌದಿಯ ಫೋಟೊದ ಕೆಳಗೆ ಈಗ ಮಗಳ ಸಾಲು ಸಾಲು ಹೃದಯಗಳು. ನನ್ನ ಮಾತು ನಾಟಿತ್ತು, ಬೆರಳಿನ ತುದಿಯವರೆಗೆ.

"ಇದ್ರಿಂದ ಮೂಲಿ ಮುಚ್ಚತದೇನು ಚಿಗವ್ವ? ಕೊಡಿಲ್ಲಿ, ನಾ ಹೊಲೀತೀನಿ" ಎಂದೆ.

ಅವಳು ಕೌದಿಯನ್ನು ತನ್ನ ಕಡೆ ಎಳೆದುಕೊಂಡಳು. "ನೀ ಬಂದಿ, ಖರೆ. ಆದ್ರ ನೀ ಬರೋದು ಯಾವಾಗೋ ಒಮ್ಮಿ. ಆಕಿ ದಿನಾ ಮುಂಜಾನಿ ಈ ಫೋನಿನಾಗ ಬಂದು ಹೋಗ್ತಾಳ."

ನಾನು ಕೈ ಹಿಂದಕ್ಕೆ ತೆಗೆದುಕೊಂಡು, ಮಗಳು ಭಾನುವಾರ ನೋಡುತ್ತೇನೆ ಎಂದದ್ದನ್ನು ಹೇಳಿದೆ. ಹೋಳಿಗೆಗೆ ತುಪ್ಪ ಹಾಕಿಕೊಂಡು ಇಬ್ಬರೂ ತಿಂದೆವು. ಒಂದನ್ನು ಅವಳು ಐತಾರಕ್ಕೆಂದು ಡಬ್ಬಿಯಲ್ಲಿ ಮುಚ್ಚಿಟ್ಟಳು. ಸೂಜಿ, ದಾರ ಪೋಣಿಸಿದ್ದು, ಆ ತೆರೆದ ಮೂಲೆಯಲ್ಲೇ ಚುಚ್ಚಿಕೊಂಡಿತ್ತು.